ತಕ್ಕಡಿ ಹಿಡಿದ ಹೆಂಗಸು: ಹೋಮರನ ಉಪಮೆಗಳ ಆನ್‌ಲೈನ್ ಪಾಠಮಾಲೆಯ ವಿಮರ್ಶೆ

ಪ್ರಾಚೀನ ಗ್ರೀಕ್ ಕವಿ ಹೋಮರನ ‘ಇಲಿಯಡ್’ ಮತ್ತು ‘ಒಡಿಸ್ಸಿ’ ಮಹಾಕಾವ್ಯಗಳ ದೀರ್ಘ ಉಪಮೆಗಳನ್ನು ಬಿಡಿಸಿ ನೋಡುವುದನ್ನು ಕಲಿಸುವ ಆನ್‌ಲೈನ್ ಪಾಠಮಾಲೆಯೊಂದನ್ನು ಈಚೆಗೆ ಮುಗಿಸಿದೆ. ಗ್ರೀಕ್ ಬಾರದವರೂ ಇದಕ್ಕೆ ಸೇರಬಹುದು. ಉಪಮೇಯ ಯಾವುದು, ಉಪಮಾನ ಯಾವುದು, ಎರಡಕ್ಕೂ ಸಮಾನವಾದ ಧರ್ಮ ಯಾವುದು ಎಂದು ಗುರುತಿಸಿ ಮುಂದೆ ಸಾಗುತ್ತಿದ್ದ ನಾನು, ಆ ಸಮಾನ ಧರ್ಮದೊಳಗೆ ಅಡಗದೆ ಹೊರಗುಳಿಯುವ ವಿವರಗಳ ಮುಂದೆ ನಿಲ್ಲುವುದನ್ನು ಇಲ್ಲಿ ಕಲಿತೆ.

‘ಇಲಿಯಡ್’ನ 12ನೆಯ ಸರ್ಗದ ಪಾಠ ಇಡೀ ಮಾಲೆಯಲ್ಲೇ ಶ್ರೇಷ್ಠವಾದುದು. ಟ್ರಾಯ್ ಯುದ್ಧದಲ್ಲಿ ಗ್ರೀಕರು ಕಟ್ಟಿದ ಗೋಡೆಯ ಬಳಿ ಅವರ ಪಡೆಯೂ ಟ್ರಾಯ್‌ನವರ ಪಡೆಯೂ ಸಮಬಲದಿಂದ ಕಾದುತ್ತಿರುವಾಗ, ಕವಿ ರಣರಂಗದಿಂದ ಕಣ್ಣು ತೆಗೆದು, ತಕ್ಕಡಿಯಲ್ಲಿ ಒಂದು ಕಡೆ ತೂಕವನ್ನೂ ಇನ್ನೊಂದು ಕಡೆ ಉಣ್ಣೆಯನ್ನೂ ಇಟ್ಟು ಸಮವಾಗಿ ಎತ್ತಿ ಹಿಡಿದಿರುವ, ಕೈದುಡಿಮೆಯಿಂದ ಬದುಕುವ ಪ್ರಾಮಾಣಿಕ ಹೆಂಗಸೊಬ್ಬಳನ್ನು ತೋರಿಸುತ್ತಾನೆ. ಸಮತೂಕವನ್ನು ಹೇಳಲು ತಕ್ಕಡಿಯೊಂದೇ ಸಾಕಿತ್ತು. ಆದರೆ ಮಕ್ಕಳಿಗಾಗಿ ಅಲ್ಪ ಕೂಲಿ ಗಳಿಸಲೆಂದು ಅವಳು ಹೀಗೆ ತೂಗುತ್ತಿದ್ದಾಳೆ ಎಂಬ ಮಾತೂ ಅಲ್ಲಿದೆ. ಅಧ್ಯಾಪಕರು ಈ ಮೂರೇ ಸಾಲುಗಳಿಗೆ ಒಂದಿಡೀ ಅವಧಿಯನ್ನು ಮೀಸಲಿಟ್ಟರು. ಮೊದಲು ತಕ್ಕಡಿಯನ್ನಷ್ಟೇ ಉಳಿಸಿಕೊಂಡು ಓದಿಸಿದರು, ಆಮೇಲೆ ಹೆಂಗಸನ್ನು ಸೇರಿಸಿದರು, ಕೊನೆಗೆ ಮಕ್ಕಳನ್ನು. ಅದರ ಬೆನ್ನಲ್ಲೇ ಝ್ಯೂಸ್ ದೇವ ಟ್ರಾಯ್‌ನ ವೀರ ಹೆಕ್ಟರನಿಗೆ ಮೇಲುಗೈ ಕೊಡುವ ಸಾಲು ಬಂದಾಗ, ಅವಳ ಕೈಯಲ್ಲಿದ್ದ ತಟ್ಟೆಯೇ ವಾಲಿತೇನೋ ಎಂದು ನನ್ನ ಜೀವ ಝಲ್ಲೆಂದಿತು.

4ನೆಯ ಸರ್ಗದ ಪಾಠವೂ ಚೆನ್ನಾಗಿದೆ. ಗ್ರೀಕ್ ರಾಜ ಮೆನೆಲಾಸನತ್ತ ಬರುವ ಬಾಣವನ್ನು ದೇವತೆ ಅಥೇನಾ, ಮಲಗಿದ ಮಗುವಿನ ಮೇಲಿಂದ ತಾಯಿ ನೊಣ ಓಡಿಸುವಂತೆ ಸರಿಸುತ್ತಾಳೆ. ಹತ್ತಾರು ಸಾಲುಗಳ ಬಳಿಕ, ಆದರೂ ಬಾಣ ತರಚಿದ್ದರಿಂದ ಅವನ ತೊಡೆಯ ಮೇಲೆ ಹರಿಯುವ ರಕ್ತ, ಹೆಂಗಸೊಬ್ಬಳು ದಂತಕ್ಕೆ ಹಚ್ಚಿದ ಕೆನ್ನೀಲಿ ಬಣ್ಣವಾಗುತ್ತದೆ. ಇವೆರಡನ್ನೂ ಜೊತೆಯಾಗಿಟ್ಟು ಓದಿಸಿದ್ದು ಸರಿಯಾದ ನಿರ್ಧಾರ.

‘ಒಡಿಸ್ಸಿ’ಗೆ ಮಾತ್ರ ಅನ್ಯಾಯವಾಗಿದೆ. 23ನೆಯ ಸರ್ಗದಲ್ಲಿ, ಹಡಗೊಡೆದು ಈಜಿ ಬಂದವರಿಗೆ ನೆಲ ಕಂಡಾಗ ಆಗುವ ಸಂತೋಷದ ಉಪಮೆ ಬರುತ್ತದೆ. ಕಡಲಲ್ಲಿ ಹಾಗೆ ಒದ್ದಾಡಿದವನು, ಇಪ್ಪತ್ತು ವರ್ಷಗಳ ಬಳಿಕ ಮನೆಗೆ ಮರಳಿದ ಕಾವ್ಯದ ನಾಯಕ ಒಡಿಸಿಯಸ್ ಆದ್ದರಿಂದ ಮಾತು ಅವನ ಕುರಿತೇ ಎಂದು ಓದುಗ ನಂಬಿರುತ್ತಾನೆ. ಕೊನೆಯಲ್ಲಿ ಆ ಸಂತೋಷ ಗಂಡನನ್ನು ಕಣ್ತುಂಬ ನೋಡುತ್ತಿರುವ ಪೆನೆಲೋಪಿಯದೆಂದು ತಿಳಿಯುತ್ತದೆ. ಮನೆಯಲ್ಲೇ ಇದ್ದವಳೂ ಇಪ್ಪತ್ತು ವರ್ಷ ಕಡಲಲ್ಲೇ ಇದ್ದಳೆಂದು ಒಂದೇ ತಿರುವಿನಲ್ಲಿ ಹೇಳುವ ಈ ಉಪಮೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಿದ್ದು ನನಗೆ ನಿಜಕ್ಕೂ ನೋವು ತಂದಿತು. ಅಭ್ಯಾಸದ ಪ್ರಶ್ನೆಗಳೆಲ್ಲವೂ ಸರಿಯುತ್ತರ ಆರಿಸುವ ಬಗೆಯವು; ಒಂದು ಉಪಮೆಯ ಬಗ್ಗೆ ಒಂದು ಪುಟವನ್ನಾದರೂ ಬರೆಯಿಸಿ ತಿದ್ದಬೇಕಿತ್ತು.

ಸೇರುವವರು ಸಾಲುಸಂಖ್ಯೆಯಿರುವ ಪೂರ್ಣ ಅನುವಾದವೊಂದನ್ನು ಕೈಯಲ್ಲಿಟ್ಟುಕೊಳ್ಳಬೇಕು. ಪಾಠದ ಹಾಳೆಗಳಲ್ಲಿ ಉಪಮೆಯ ಸಾಲುಗಳು ಮಾತ್ರ ಇರುತ್ತವೆ. ತಕ್ಕಡಿಯ ಹಿಂದಿನ ಗೋಡೆಯನ್ನೂ ಮುಂದಿನ ಹೆಕ್ಟರನನ್ನೂ ನಾವೇ ಹುಡುಕಿ ಓದಿಕೊಳ್ಳಬೇಕಾಗುತ್ತದೆ.