ಟೆಲಿ-ಮಾನಸ್ 14416: ಒಳ್ಳೆಯ ಸೇವೆ, ಆದರೆ ಕೆಲವು ಹೊತ್ತಿನಲ್ಲಿ ಮೊದಲು 108

2022ರ ಅಕ್ಟೋಬರ್ 10ರಂದು ಶುರುವಾದ, ಮಾನಸಿಕ ಆರೋಗ್ಯದ ಈ ಸರ್ಕಾರಿ ಸಹಾಯವಾಣಿಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ. 14416 ಒತ್ತಿ ಕನ್ನಡ ಆರಿಸಿದರೆ ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಮನೆಯವರೂ ಕರೆ ಮಾಡಬಹುದು. ನಡುರಾತ್ರಿ ಸಂಕಟ ಹೇಳಿಕೊಳ್ಳಲು ಕನ್ನಡದ ದನಿಯೊಂದು ಸಿಗುವುದು ಸಣ್ಣ ಮಾತಲ್ಲ. ಕಂಗಾಲಾದವರಿಗೆ ಭಾಷೆ ಆರಿಸುವ ಹಂತವೂ ಕಷ್ಟವಾದೀತು, ಜೊತೆಗಿದ್ದವರೇ ಡಯಲ್ ಮಾಡಿಕೊಡಿ.

ಆದರೆ ಫೋನಿನಲ್ಲಿ ನಾಡಿ ನೋಡಲಾಗದು. ಈ ಮಿತಿ ಹೆಚ್ಚು ಕಾಡುವುದು ಕುಡಿತ ಬಿಡುವಾಗ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯಲ್ಲಿ. ಎರಡರಿಂದ ನಾಲ್ಕು ದಿನದೊಳಗೆ ಇಲ್ಲದ ಹುಳು, ಜನ ಕಾಣತೊಡಗಿ, ಹೊತ್ತುಗೊತ್ತು ತಿಳಿಯದಾಗಿ, ಮೈ ಕಾದರೆ ಅದು ಡೆಲಿರಿಯಂ ಟ್ರೆಮೆನ್ಸ್. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಅಲೆದರೆ ಜೀವವೇ ಹೋಗಬಹುದು. ಫಿಟ್ಸ್ ಅಥವಾ ಭ್ರಮೆ ಕಂಡ ಕೂಡಲೇ 108. ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಿ. ಕೈಗೆ ಬೀಗದಕೈ, ಬಾಯಿಗೆ ಚಮಚ, ನೀರು ಯಾವುದೂ ಬೇಡ.

ಆಸ್ಪತ್ರೆಯಲ್ಲಿ ಕೊನೆಯ ಸಲ ಯಾವಾಗ, ಎಷ್ಟು ಕುಡಿದರು, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿ ಮನೆಗೆ ಕರೆತರುವ ರೂಢಿ ಅಪಾಯದ್ದು. ಇವರಲ್ಲಿ ಬಿ1 ಜೀವಸತ್ವ ಬತ್ತಿರುತ್ತದೆ; ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಕುಡಿತ ಮುಚ್ಚಿಟ್ಟರೆ ವೈದ್ಯರಿಗೆ ಇದು ಹೊಳೆಯುವುದಾದರೂ ಹೇಗೆ?

ಸಾಯುವ ಮಾತಾಡುವವರ ವಿಷಯದಲ್ಲಿ 14416 ನಿಜಕ್ಕೂ ಆಸರೆ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಹೊಲದ ಔಷಧಿ, ಮಾತ್ರೆಗಳನ್ನು ಮನೆಯಿಂದಲೇ ಸಾಗಿಸಿ, ಪಕ್ಕದಲ್ಲಿ ಕೂತು ಕರೆ ಮಾಡಿ. ವಿಷ ಕುಡಿದಾಗಿದ್ದರೆ 108. ವಾಂತಿ ಮಾಡಿಸದೆ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಕೇಸಿಗೆ ಹೆದರಿ ತಡಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಹೀಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ತುರ್ತು ಕಳೆದ ಮೇಲೆ ವ್ಯಸನಮುಕ್ತಿಯ ದಾರಿ ಹುಡುಕಲು ಬೇರೆಯದೇ ಉಚಿತ ಸಂಖ್ಯೆಯಿದೆ: 14446.