ರೆಸಿನ್ ಪಾರ್ಟ್ಸ್ ಮಾಡುವವರೇ, ‘ಸ್ಯಾಂಪಲ್ ಕಳಿಸಿ ಸರ್’ ಅನ್ನುವವರನ್ನು ನಂಬಬೇಡಿ

ಸ್ಕೇಲ್ ಮಾಡೆಲ್ ಕಿಟ್‌ಗಳಿಗೆ (ಬಿಡಿಬಿಡಿಯಾಗಿ ಬರುವ, ಜೋಡಿಸಿ ಮಾಡುವ ಪುಟ್ಟ ಪ್ಲಾಸ್ಟಿಕ್ ಮಾದರಿಗಳು) ರೆಸಿನ್ ಪಾರ್ಟ್ಸ್, ಅಂದರೆ ಅಚ್ಚಿಗೆ ಸುರಿದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್‌ನ ಬಿಡಿಭಾಗ, ಮಾಡಿ ಮಾರುವವರು ನಮ್ಮಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಅವರೆಲ್ಲ ದಯವಿಟ್ಟು ಇದನ್ನು ಓದಿ. ಕೋಪ ಇನ್ನೂ ಇಳಿದಿಲ್ಲ.

ನಾನು 1/72 ಅಳತೆಯ ಮಿಗ್-21ಕ್ಕೆ ಕಾಕ್‌ಪಿಟ್ ಸೆಟ್ ಮಾಡುತ್ತೇನೆ. ಕಿಟ್‌ನಲ್ಲಿ ಬರುವ ಸೀಟು ನೋಡಿದ್ದೀರಲ್ಲ, ಎಷ್ಟೋ ಸಲ ಬೆಲ್ಟ್ ಕೂಡ ಇರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ ಕೇಳುವವರು ಜಾಸ್ತಿಯಾದರು. ಆಗ ಒಬ್ಬ ಡೀಲರ್ ಫೋನ್ ಮಾಡಿದ. "ನೂರು ಸೆಟ್ ಎತ್ಕೋತೀನಿ ಸರ್. ಮೊದಲು ಸ್ಯಾಂಪಲ್ ಕಳಿಸಿ. ಗುಳ್ಳೆ ಇಲ್ಲದ್ದೇ ನೋಡಿ ಕಳಿಸಿ, ಕಸ್ಟಮರ್‌ಗೆ ತೋರಿಸ್ಬೇಕು." ವ್ಯಾಪಾರ ಶುರುವಾಗುವುದೇ ಹೀಗೆ, ಅಲ್ವಾ? ಒಂದೊಂದನ್ನೂ ಲೈಟಿಗೆ ಹಿಡಿದು, ಚೆನ್ನಾಗಿರುವುದನ್ನೇ ಆರಿಸಿ ಕಳಿಸಿದೆ. ಆಮೇಲೆ "ಮುಂದಿನ ವಾರ ಸರ್", "ಬಿಲ್ ಪ್ರಾಬ್ಲಂ ಸರ್". ಕೊನೆಗೆ ಫೋನೇ ಎತ್ತಲಿಲ್ಲ.

ಸ್ವಲ್ಪ ದಿನಕ್ಕೆ ಯಾರೋ ನನಗೇ ಬೈದರು. "ನಿಮ್ಮ ಸೆಟ್ ಕಿಟ್‌ಗೆ ಕೂರ್ತಾನೇ ಇಲ್ಲ ಕಣ್ರೀ." ಅವರು ಕೊಂಡಿದ್ದು ನನ್ನ ಹತ್ತಿರ ಅಲ್ಲವೇ ಅಲ್ಲ! ತರಿಸಿಕೊಂಡು ಭೂತಗನ್ನಡಿಯಲ್ಲಿ ನೋಡಿದೆ. ನನ್ನ ಮಾಸ್ಟರ್‌ನಲ್ಲಿ, ಅಂದರೆ ಅಚ್ಚು ತೆಗೆಯಲು ನಾನೇ ಕೈಯಾರೆ ಮಾಡಿದ ಮೂಲ ಪ್ರತಿಯಲ್ಲಿ, ಹೆಡ್‌ರೆಸ್ಟ್‌ನ ಎಡ ಅಂಚಿಗೆ ಅರ ತಾಗಿದ ಒಂದು ಸಣ್ಣ ಗೀರು ಇದೆ. ಅದೇ ಗೀರು, ಅದೇ ಜಾಗದಲ್ಲಿ. ನನ್ನ ಸ್ಯಾಂಪಲ್‌ನಿಂದಲೇ ಅಚ್ಚು ತೆಗೆದಿದ್ದಾನೆ. ನಾನೇ ಆರಿಸಿ ಕಳಿಸಿದ್ದರಿಂದ! ಮೈಯೆಲ್ಲ ಉರಿದುಹೋಯಿತು. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಎರಕದಿಂದ ಮತ್ತೆ ಎರಕ ತೆಗೆದರೆ ಇನ್ನೊಮ್ಮೆ ಕುಗ್ಗುತ್ತದೆ. ಕಿಟ್‌ಗೆ ಕೂರದಿರುವುದು ಅದಕ್ಕೇ.

ನಾನು 650 ರೂಪಾಯಿಗೆ ಮಾರುವುದನ್ನು ಅವನು 300ಕ್ಕೆ ಕೊಡುತ್ತಾನೆ. ಯಾಕೆ ಕೊಡಲ್ಲ? ಒಂದು ಸೆಟ್‌ಗೆ ಬೇಕಾಗುವ ರೆಸಿನ್ ಕೆಲವೇ ಗ್ರಾಂ. ಖರ್ಚೆಲ್ಲ ಮಾಸ್ಟರ್‌ನದ್ದು. ಫೋಟೊ ಹುಡುಕಿ, ಅಳತೆ ತೆಗೆದು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ನಿದ್ದೆಗೆಟ್ಟು ಮಾಡಿದ್ದು. ಸಿಲಿಕೋನ್ ಅಚ್ಚು ಇಪ್ಪತ್ತು ಮೂವತ್ತು ಎರಕಕ್ಕೆ ಹರಿಯುತ್ತದೆ, ಮತ್ತೆ ಹೊಸದು ಹಾಕಬೇಕು. ಮಳೆಗಾಲದಲ್ಲಿ ತೆರೆದ ಡಬ್ಬಿ ತೇವ ಎಳೆದುಕೊಂಡರೆ ರೆಸಿನ್ ನೊರೆಯೇಳುತ್ತದೆ, ಡಬ್ಬಿಗೆ ಡಬ್ಬಿಯೇ ಕಸಕ್ಕೆ. ಮೊದಲ ನೂರು ಸೆಟ್ ಹೋದರೆ ನಾನು ಹಾಕಿದ ದುಡ್ಡು ವಾಪಸ್. ಆ ನೂರಕ್ಕೇ ಅವನು ಕಲ್ಲು ಹಾಕಿದ.

ಬೇರೆ ನಂಬರಿಂದ ಫೋನ್ ಮಾಡಿ ಕೇಳಿದೆ. "ಸೀಟು ನೀವು ಕಂಡುಹಿಡಿದಿದ್ದಾ ಸರ್? ರಷ್ಯಾದವರದ್ದು ತಾನೆ?" ಅಂದ. ನಾನು ಮಾಡಿದ್ದು ಮಾಸ್ಟರ್ ಕಣಯ್ಯಾ ಅಂದರೆ, "ಸ್ಯಾಂಪಲ್ ನೀವೇ ಕಳಿಸಿದ್ದಲ್ವಾ?" ಕೊನೆಗೆ ಹೇಳಿದ್ದು ಕೇಳಿ: "ಬೇಕಾದ್ರೆ ನಿಮಗೂ ಹೋಲ್‌ಸೇಲ್ ರೇಟಲ್ಲಿ ಕೊಡ್ತೀನಿ." ನನ್ನ ಸೀಟನ್ನು! ನನಗೇ!

ಸುಮ್ನೆ ಯಾರಿಗೂ ಸ್ಯಾಂಪಲ್ ಕೊಡಬೇಡಿ. ಬಣ್ಣ ಹಚ್ಚಿ, ಮಾಡೆಲ್‌ಗೆ ಅಂಟಿಸಿದ ಫೋಟೊ ಕಳಿಸಿ, ಸಾಕು. ಪಾರ್ಟ್ಸ್ ಬೇಕು ಅಂದರೆ ಪೂರ್ತಿ ದುಡ್ಡು ಮೊದಲು. ಕೊಳ್ಳುವವರೂ ನೋಡಿಕೊಳ್ಳಿ: ನನ್ನ ಸೆಟ್‌ನಲ್ಲಿ ಬೆಲ್ಟ್‌ನ ಬಕಲ್ ಚೂಪಾಗಿ, ಬಿಡಿಸಿಟ್ಟ ಹಾಗೆ ಕಾಣುತ್ತದೆ. ಕರಗಿ ಮುದ್ದೆಯಾದಂತಿದ್ದರೆ ಅದು ಅವನದು. ಕಿಟ್‌ಗೆ ಕೂರದಿದ್ದರೆ ಅವನ ಹತ್ತಿರವೇ ದುಡ್ಡು ವಾಪಸ್ ಕೇಳಿ, ಬಿಡಬೇಡಿ.