ಕೋಟೆ ಗೋಡೆಗೆ ಥರ್ಮಾಕೋಲಾ, ಎಕ್ಸ್‌ಪಿಎಸ್ ಫೋಮಾ?

28 ಮಿ.ಮೀ. ಎತ್ತರದ ಪುಟಾಣಿ ಮಾಡೆಲ್ ಸೈನಿಕರ ಹಿಂದೆ ನಿಲ್ಲಿಸೋಕೆ ಬೀದರ್ ಕೋಟೆಯ ಒಂದು ತುಂಡು ಗೋಡೆ ಮಾಡಬೇಕಾ? ಕಲಬುರಗಿಯಲ್ಲಿ ಥರ್ಮಾಕೋಲ್ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಹೊಸ ಟಿವಿ ಬಂದ ಡಬ್ಬದಲ್ಲಿದ್ದರೆ ಪುಕ್ಕಟೆ. ಎಕ್ಸ್‌ಪಿಎಸ್ ಅಂದರೆ ಕಾಳಿಲ್ಲದ, ಒತ್ತಾದ ಫೋಮ್ ಹಾಳೆ. ಅದನ್ನು ನಾನು ಆನ್‌ಲೈನ್‌ನಲ್ಲಿ ತರಿಸುತ್ತೇನೆ, ಬೆಲೆ ಜಾಸ್ತಿ.

ಬ್ಲೇಡ್ ಹಚ್ಚಿದಾಗಲೇ ನಿಜವಾದ ವ್ಯತ್ಯಾಸ ಗೊತ್ತಾಗುವುದು. ಥರ್ಮಾಕೋಲ್ ಕಾಳುಕಾಳಾಗಿ ಉದುರುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಮನೆ ತುಂಬಾ ಚುರುಮುರಿ ಚೆಲ್ಲಿದ ಹಾಗೆ! ಎಕ್ಸ್‌ಪಿಎಸ್ ಪನೀರ್ ಕೊಯ್ದಷ್ಟು ನಯವಾಗಿ ಬರುತ್ತದೆ. ಬಾಲ್‌ಪೆನ್ ಒತ್ತಿ ಗೆರೆ ಎಳೆದರೆ ಕಲ್ಲಿನ ಸಂದು ತಯಾರು. ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ಮೇಲೆ ಒತ್ತುತ್ತಾ ಹೊರಳಿಸಿ. ಬೀದರಿನ ಕೆಂಪು ಜಂಬಿಟ್ಟಿಗೆಯ ತೂತುತೂತು ಮೈ ಹಾಗೇ ಮೂಡುತ್ತದೆ. ಥರ್ಮಾಕೋಲ್‌ನಲ್ಲಿ ಇದು ಆಗದ ಮಾತು.

ಗುಡ್ಡ, ದಿಬ್ಬಕ್ಕೆ ಮಾತ್ರ ದುಡ್ಡು ಹಾಕಬೇಡಿ, ಥರ್ಮಾಕೋಲೇ ಸಾಕು. ಮೇಲೆ ಪೇಪರ್, ಫೆವಿಕಾಲ್, ಮರಳು ಬೀಳುತ್ತದೆ. ಒಳಗೆ ಏನಿದೆ ಅಂತ ಯಾರು ನೋಡುತ್ತಾರೆ, ಅಲ್ವಾ?

ಎರಡೂ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕೇ. ಹಾಗಾಗಿ ಡಬ್ಬಿಯ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ. ಆತುರಕ್ಕೆ ಹೊಡೆದು ನಾನೇ ಒಂದು ಬುರುಜು ಕಳೆದುಕೊಂಡೆ, ಕಣ್ಣೆದುರೇ ಕುಳಿಬಿದ್ದು ಕರಗಿತು. ಮೊದಲು ಕಪ್ಪು ಅಕ್ರಿಲಿಕ್‌ಗೆ ಫೆವಿಕಾಲ್ ಬೆರೆಸಿ ಬ್ರಷ್‌ನಿಂದ ಬಳಿಯಿರಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ. ಟಿಫಿನ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಬಟರ್ ಪೇಪರ್ ಹಾಸಿ, ಅಲ್ಲೇ ಬಣ್ಣ ಕಲಸಿ. ಊಟ ಮಾಡಿ ಬಂದರೂ ಹಸಿಯಾಗಿಯೇ ಇರುತ್ತದೆ.